ಸಿಪ್ಪೆ ಸಮೇತ

ಗುಲಾಬಿ ಬಣ್ಣ, ಅದರೊಳಗೆ ನೀಲಿ ಚುಕ್ಕೆಗಳು, ಸಾಲಾಗಿ ಕೂತ ದುಂಡು ದುಂಡು ಗುಳಿಗಳು, ಎಷ್ಟು ಅಚ್ಚುಕಟ್ಟು, ಒಂದೂ ಸೊಟ್ಟಗಿಲ್ಲ, ಒಂದರ ಬಾಯಲ್ಲೂ ಕೀವಿಲ್ಲ, ಇದು ನಲವತ್ತನೆಯ ಗಾಜು, ಕಡೆಯದು, ಯಾರೋ ಪುಣ್ಯವಂತರ ಕರುಳಿನ ಚೂರು, ಆರು ತಿಂಗಳ ಹಿಂದೆ ಹೊತ್ತಿ ಉರಿಯುತ್ತಿದ್ದದ್ದು ಈಗ ತಣ್ಣಗೆ ಕೂತಿದೆ, ಸೊನ್ನೆ ಎಂದು ಬರೆದು ದೀಪ ಆರಿಸಿದರೆ ಆಯಿತು, ಸೊನ್ನೆ ಎಂದರೆ ವಾಸಿ, ನಾಲ್ಕು ಎಂದರೆ ರಣರಂಗ, ಹನ್ನೊಂದು ವರ್ಷದಿಂದ ಈ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ — ಬರೆಯುವ ಮೊದಲು ಅಭ್ಯಾಸಬಲದಿಂದ ಗಾಜನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದಳು, ಅಲ್ಲಿ ಕಪ್ಪು. ಮೆಣಸಿನ ಪುಡಿ ಉದುರಿದಷ್ಟು ಕಪ್ಪು, ಒಂದು ಮೂಲೆಯಲ್ಲಿ. ಕೊಳೆಯಲ್ಲ, ಬಣ್ಣ ಹಾಕುವಾಗಿನ ಎಡವಟ್ಟೂ ಅಲ್ಲ, ಶಾಯಿ, ಆರು ವರ್ಷದ ಹಿಂದೆ ಡಾಕ್ಟರು ತಂಗಿಯ ಕರುಳಿನಲ್ಲಿ ಸೂಜಿಯಿಂದ ಇಟ್ಟ ಗುರುತು, ಮುಂದಿನ ಸಲ ಇದೇ ಜಾಗ ಸಿಗಬೇಕಲ್ಲಮ್ಮ ಅಂದಿದ್ದರು, ಹಚ್ಚೆಯ ಹಾಗೆ ಅದು, ಮೈಯ ಕಾವಲು ಕಣಗಳು ನುಂಗಿಕೊಂಡು ಅಲ್ಲೇ ಕೂತುಬಿಡುತ್ತವೆ, ಅರಗಿಸಿಕೊಳ್ಳಲಾರವು, ಉಗುಳಲಾರವು. ಉಳಿದ ಮೂವತ್ತೊಂಬತ್ತು ಗಾಜುಗಳಲ್ಲಿ ಶಾಯಿ ಇರಲಿಲ್ಲ. ಹಾಗಾದರೆ ಇದು ಅವಳದೇ, ತಂಗಿಯದು, ತಂಗಿ ಈ ಹೊಸ ಔಷಧದ ಪರೀಕ್ಷೆಯಲ್ಲಿ ಇದ್ದಾಳೆ ಅಂತ ಎಲ್ಲರಿಗೂ ಗೊತ್ತು, ಯಾವ ಗಾಜು ಅವಳದು ಅನ್ನುವುದು ಮಾತ್ರ ಓದುವವರಿಗೆ ಗೊತ್ತಿರಬಾರದು, ಗೊತ್ತಾದರೆ ಗುರುತು ಸಿಕ್ಕಿತು ಅಂತ ಬರೆದು ಬದಿಗಿಡಬೇಕು, ಆ ನಿಯಮ ಬರೆದವಳು ಇವಳೇ, ಅಕ್ಕನೇ, ಬರೆದ ದಿನ ಎಷ್ಟು ಬೀಗಿದ್ದಳು. ಹೊರಗೆ ಪ್ರಯೋಗಾಲಯದ ಓಣಿಯಲ್ಲಿ ಕಿರಿಯ ಸಹಾಯಕಿ ಗುಬ್ಬಿ ನಗುತ್ತಿದ್ದಾಳೆ.

ಆ ನಗು ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ, ಪಿಂಗಾಣಿ ಬಟ್ಟಲಿಗೆ ಚಮಚ ಬಡಿದ ಹಾಗೆ, ನಾಲ್ಕು ವರ್ಷದ ಹಿಂದೆ ಬಂದಾಗ ಸೀಸೆ ತೊಳೆಯುವುದಕ್ಕೂ ಬರುತ್ತಿರಲಿಲ್ಲ, ಕೈಗವಸು ತಿರುಗಾಮುರುಗಾ ಹಾಕಿಕೊಳ್ಳುತ್ತಿದ್ದಳು, ಗುಬ್ಬಿ ಅಂತ ಹೆಸರಿಟ್ಟದ್ದು ಕೂಡ ಇವಳೇ, ಪ್ರೀತಿಯಿಂದಲೇ ಇಟ್ಟಿದ್ದು, ಆಗ ಪ್ರೀತಿ ಇತ್ತು. ಆಗ ಇವಳು ಕಳ್ಳನನ್ನು ಹುಡುಕುತ್ತಿದ್ದಳು, ಕರುಳಿನಲ್ಲಿ ವಾಸವಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳಲ್ಲಿ ಯಾವನೋ ಒಬ್ಬ ಮೈಯ ಕಾವಲನ್ನು ಕೆಣಕುತ್ತಾನೆ, ಕಾವಲು ರೊಚ್ಚಿಗೆದ್ದು ತನ್ನ ಮನೆಯನ್ನೇ ಸುಡುತ್ತದೆ, ಅವನು ಯಾರು, ಹನ್ನೊಂದು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದಳು, ಅವನು ಸಿಗಲಿಲ್ಲ, ಕನ್ನಡಕದ ನಂಬರು ಮಾತ್ರ ಮೂರು ಸಲ ಬದಲಾಯಿತು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಈ ಗುಬ್ಬಿ, ಮೇಡಂ, ಬೆಂಕಿ ಹಚ್ಚಿದ್ದು ಯಾರು ಅಂತ ಹುಡುಕ್ತಾನೇ ಇದೀವಿ, ಆರಿಸೋರು ಯಾಕೆ ಬರ್ಲಿಲ್ಲ ಅಂತ ಕೇಳೇ ಇಲ್ವಲ್ಲ, ಅಂದಳು, ಮೊದಲು ಕಪ್ಪು ತೊಳೆದಿಡು, ಆಮೇಲೆ ತತ್ತ್ವ ಹೇಳು, ಅಂದಿದ್ದಳು ಇವಳು, ಎಲ್ಲರೂ ನಕ್ಕರು, ಗುಬ್ಬಿಯೂ ನಕ್ಕಳು, ಕಪ್ಪೂ ತೊಳೆದಳು, ಎರಡು ವಾರ ಬಿಟ್ಟು ಬಂದು, ಮೇಡಂ, ಫ್ರೀಜರಿನಲ್ಲಿರೋ ಹಳೇ ರಕ್ತ ಸ್ವಲ್ಪ ಕೊಡ್ತೀರಾ. ಕೊಟ್ಟಳು, ಕೈಯಾರೆ ಎತ್ತಿ ಕೊಟ್ಟಳು, ತಂಗಿಯ ರಕ್ತ, ವರ್ಷ ವರ್ಷವೂ ತೆಗೆದು ತಾರೀಕು ಬರೆದು ಇಟ್ಟಿದ್ದ ಕೊಳವೆಗಳು, ಉತ್ತರ ಅದರಲ್ಲೇ ಇತ್ತು. ಸಾಕು, ಸುಮ್ಮನಿರಿ, ಇವರು ನಮ್ಮವರೇ, ಎಂದು ಕಾವಲಿಗೆ ಹೇಳುವ ಸಂದೇಶ ಮೈಯಲ್ಲಿ ಹುಟ್ಟುತ್ತಲೇ ಇದೆ, ಆದರೆ ಅದನ್ನು ದಾರಿಯಲ್ಲೇ ಹಿಡಿದು ಕಟ್ಟಿಹಾಕುವ ಒಂದು ವಸ್ತುವನ್ನೂ ಅದೇ ಮೈ ತಯಾರಿಸುತ್ತಿದೆ, ಎಲ್ಲ ರೋಗಿಗಳಲ್ಲಿ ಅಲ್ಲ, ಕೆಲವರಲ್ಲಿ, ತಂಗಿಯಲ್ಲಿ ಇತ್ತು, ಇವಳ ಫ್ರೀಜರಿನಲ್ಲಿ, ಇವಳ ಕೈಬರಹದ ಚೀಟಿಯ ಕೆಳಗೆ, ಇಷ್ಟು ವರ್ಷ. ಅದನ್ನು ಗುಬ್ಬಿ ಕಂಡುಹಿಡಿದಳು, ಆ ಕಟ್ಟು ಬಿಡಿಸುವ ಹೊಸ ಔಷಧ ಹುಟ್ಟಿತು, ಸಭೆಯಲ್ಲಿ ಚಪ್ಪಾಳೆ ಬಿತ್ತು, ನಿರ್ದೇಶಕರು ಗುಬ್ಬಿಯ ಹೆಗಲು ತಟ್ಟಿ ನಮ್ಮ ಹುಡುಗಿ ಅಂದರು, ಇವಳ ಕಡೆ ತಿರುಗಿ ನಮ್ಮ ಹಿರಿಯರು ಅಂದರು, ಹಿರಿಯರು, ನಲವತ್ತನಾಲ್ಕಕ್ಕೆ ಹಿರಿಯರು, ಶಾಲು ಹೊದಿಸಿ ಮೂಲೆಯಲ್ಲಿ ಕೂರಿಸುವುದೊಂದು ಬಾಕಿ. ಇವಳೂ ಚಪ್ಪಾಳೆ ತಟ್ಟಿದಳು, ಅಂಗೈ ಉರಿಯುವಷ್ಟು ತಟ್ಟಿದಳು, ಹೊಟ್ಟೆಕಿಚ್ಚೇ, ಮತ್ತೇನಲ್ಲ, ಅದಕ್ಕೆ ಬೇರೆ ಹೆಸರು ಇಟ್ಟುಕೊಂಡು ಯಾರಿಗೆ ಮೋಸ ಮಾಡುವುದು.

ಆದರೆ ಚಪ್ಪಾಳೆಯಾದರೂ ಸಹಿಸಬಹುದಿತ್ತು, ಹೆಸರು ಹೋದರೆ ಹೋಗಲಿ, ಭಾನುವಾರ ಆ ಸೇಬು ಇರದಿದ್ದರೆ. ಕೆಂಪು ಸೇಬು, ಸಿಪ್ಪೆ ಸಮೇತ, ಅದರಲ್ಲಿ ಕಚ್ಚಿದ ಗುರುತು. ಹನ್ನೊಂದು ವರ್ಷದಲ್ಲಿ ತಂಗಿ ಸಿಪ್ಪೆ ಇರುವ ಹಣ್ಣು ಬಾಯಿಗಿಟ್ಟಿಲ್ಲ, ಕಿರಿದಾದ ಕರುಳಿನಲ್ಲಿ ಸಿಪ್ಪೆ ಸಿಕ್ಕಿಕೊಂಡು ಒಮ್ಮೆ ಆಂಬುಲೆನ್ಸ್ ಬರಬೇಕಾಯಿತು, ಅಂದಿನಿಂದ ಇವಳೇ ಸಿಪ್ಪೆ ಹೆರೆದು, ಬೀಜ ತೆಗೆದು, ಮೆತ್ತಗೆ ಬೇಯಿಸಿ, ಹಿಚುಕಿ, ಬಟ್ಟಲಲ್ಲಿ ಹಾಕಿ ಕೊಟ್ಟಿದ್ದು, ದಿನಾ ಬೆಳಿಗ್ಗೆ, ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಉಳಿದದ್ದು ಇಬ್ಬರೇ, ಒಬ್ಬಳು ಹೆರೆಯುವುದು, ಒಬ್ಬಳು ತಿನ್ನುವುದು. ಬಟ್ಟಲು ತೆಗೆದುಕೊಳ್ಳುತ್ತ ತಂಗಿ, ಅಕ್ಕಾ, ನಿನ್ನೆ ಒಂಬತ್ತು ಸಲ, ಅನ್ನುವಳು, ಅಕ್ಕಾ, ಹದಿನಾಲ್ಕು, ರಕ್ತ ಇತ್ತು, ಅನ್ನುವಳು, ಯಾರಿಗೂ ಹೇಳದ್ದನ್ನು ಇವಳಿಗೆ ಹೇಳುವಳು, ನೋಡಲು ಬಂದ ಗಂಡಿನ ಕಡೆಯವರ ಮುಂದೆ ಮೂರು ಸಲ ಎದ್ದು ಹೋಗಬೇಕಾಗಿ ಬಂದ ದಿನ ಬಚ್ಚಲುಮನೆಯ ಬಾಗಿಲಿಗೆ ಒರಗಿ ಇಬ್ಬರೂ ನಕ್ಕು ನಕ್ಕು ಅತ್ತಿದ್ದರು. ಈಗ ಲೆಕ್ಕ ಗುಬ್ಬಿಗೆ ಹೋಗುತ್ತದೆ, ಫೋನಿನಲ್ಲಿ, ಪಿಸುಮಾತಿನಲ್ಲಿ, ಇವತ್ತು ಎರಡೇ ಸಲ ಕಣೇ, ಹೌದು ಕಣೇ, ಕಣೇ ಅಂತೆ, ಆರು ತಿಂಗಳ ಸ್ನೇಹಕ್ಕೆ ಕಣೇ. ಭಾನುವಾರ ಗುಬ್ಬಿ ಹಣ್ಣಿನ ಚೀಲ ಹಿಡಿದು ಮನೆಗೇ ಬಂದಳು, ಇವಳು ಒಳಗೆ ಬಟ್ಟೆ ಮಡಚುತ್ತಿದ್ದಳು, ಅಡುಗೆಮನೆಯಿಂದ ಕರಕ್ ಎಂದು ಸದ್ದು, ಎಷ್ಟು ವರ್ಷವಾಗಿತ್ತು ಆ ಮನೆಯಲ್ಲಿ ಆ ಸದ್ದು ಕೇಳಿ, ಏನೋ ಮುರಿಯಿತು ಅಂದುಕೊಂಡು ಓಡಿಹೋದಳು, ಹೋದರೆ ಸೇಬು — ಆಮೇಲಿನದು ಬೇಡ, ಆಮೇಲಿನದನ್ನು ನೆನೆಯುವುದು ಬೇಡ. ಇವಳ ನಿಯಮಗಳಲ್ಲಿ ಇನ್ನೊಂದಿದೆ, ಇಬ್ಬರು ಬೇರೆ ಬೇರೆ ಕೂತು ಓದಬೇಕು, ಅಂಕಿ ಹೊಂದದಿದ್ದರೆ ಕೆಟ್ಟ ಅಂಕಿಯೇ ನಿಲ್ಲಬೇಕು, ರೋಗವನ್ನು ಕಡಿಮೆ ಎಣಿಸುವುದಕ್ಕಿಂತ ಹೆಚ್ಚು ಎಣಿಸುವುದು ಕ್ಷೇಮ, ಇನ್ನೊಬ್ಬರು, ಎಲ್ಲರೂ ಗಾಜಿನಜ್ಜ ಅನ್ನುವ ಮುದಿ ಡಾಕ್ಟರು, ನಿನ್ನೆಯೇ ಓದಿ ಲಕೋಟೆ ಅಂಟಿಸಿ ಕೊಟ್ಟಿದ್ದಾರೆ, ನಲವತ್ತು ವರ್ಷ ಕರುಳು ನೋಡಿದ ಕಣ್ಣು, ಇದಕ್ಕೆ ಸೊನ್ನೆಯನ್ನೇ ಹಾಕಿರುತ್ತಾರೆ, ಹಾಕಲಿ, ಇವಳು ಮೂರು ಹಾಕಿದರೆ ಮೂರೇ ನಿಲ್ಲುತ್ತದೆ, ಮೂರು ನಿಂತರೆ ಆ ರೋಗಿಗೆ ಹೊಸ ಔಷಧ ಬಂದ್, ಹಳೆಯ ಮಾತ್ರೆಗಳಿಗೆ ವಾಪಸ್, ಬಟ್ಟಲಿಗೆ ವಾಪಸ್, ಬೆಳಗಿನ ಲೆಕ್ಕಕ್ಕೆ ವಾಪಸ್, ಅಕ್ಕನಿಗೆ ವಾಪಸ್. ಪೆನ್ನು ಕೆಳಗಿಳಿಯಿತು, ಮೂರು, ಎಷ್ಟು ಸಲೀಸು, ಒಂದು ಸೊಂಟ, ಒಂದು ಬಾಲ, ಅಂದವಾದ ಮೂರು, ನಲವತ್ತನೆಯ ಚೌಕದಲ್ಲಿ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಮುಚ್ಚಳ ಹಾಕಿ ಮತ್ತೆ ಕಣ್ಣು ಗಾಜಿಗೆ ಕೊಟ್ಟಳು, ಗುಳಿಗಳು ಹಾಗೇ ಇವೆ, ಸಾಲಾಗಿ, ತಣ್ಣಗೆ, ಅವಳು ಏನು ಬರೆದರೂ ಅವು ವಾಸಿಯಾಗಿಯೇ ಇವೆ, ಹನ್ನೊಂದು ವರ್ಷದಿಂದ ದೇವರೇ ದೇವರೇ ಎಂದು ಕಾದದ್ದು ಇದನ್ನೇ ಅಲ್ಲವೇ, ತಂಗಿಯ ಗಾಜು ಹೀಗೆ ಕಾಣಲಿ ಅಂತ, ಕಂಡರೆ ಕುಣಿಯುತ್ತೇನೆ ಅಂದುಕೊಂಡಿದ್ದಳು, ಸೂಕ್ಷ್ಮದರ್ಶಕಕ್ಕೇ ಮುತ್ತು ಕೊಡುತ್ತೇನೆ ಅಂದುಕೊಂಡಿದ್ದಳು, ಬಂತು, ಬೇರೆಯವರ ಕೈಯಿಂದ ಬಂತು, ಅಷ್ಟಕ್ಕೇ ಮೂರು. ಮೇಡಂ, ಆಯ್ತಾ, ಗುಬ್ಬಿಯ ತಲೆ ಬಾಗಿಲಲ್ಲಿ, ನಾಲ್ಕಾಯ್ತು, ನೀವು ಊಟಾನೂ ಮಾಡಿಲ್ಲ ಅಲ್ವಾ, ಗೊತ್ತು ನಂಗೆ, ಡಬ್ಬಿ ಹಾಗೇ ಇದೆ. ಎರಡು ನಿಮಿಷ ನಿಲ್ಲು, ಅಂದಳು ಇವಳು, ಗುಬ್ಬಿ ಒಳಗೆ ಬಂದು ಮೇಜಿಗೆ ಒರಗಿ ನಿಂತಳು, ಸೋಪಿನ ವಾಸನೆ, ಏನೂ ಅರಿಯದ ಮುಖ, ಈ ಮುಖವನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸ, ಅದನ್ನೂ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದಾಳೆ. ಮೇಡಂ, ಒಂದ್ ಮಾತು, ಬೈಬೇಡಿ, ಭಾನುವಾರ ಕದ್ದು ತಿನ್ನೋದು ಬೇಡ ಅಂದೆ ನಾನು, ಅಕ್ಕನ ಎದುರಿಗೇ ತಿನ್ನು, ಖುಷಿ ಪಡ್ತಾರೆ ಅಂದೆ, ಅವಳು ಕೇಳ್ಲಿಲ್ಲ, ಬೇಯಿಸೋದು ನಿಂತುಹೋದ್ರೆ ಅಕ್ಕ ಬೆಳಿಗ್ಗೆ ಎದ್ದು ಏನ್ಮಾಡ್ತಾಳೆ ಪಾಪ, ಅಂದ್ಲು. ಪಾಪ. ತಂಗಿಯ ಬಾಯಲ್ಲಿ, ತನ್ನ ಬಗ್ಗೆ, ಪಾಪ — ಬೇಡ ಅಂದರೂ ಭಾನುವಾರ ಬಂದೇ ಬಿಟ್ಟಿತು, ಓಡಿಹೋದಳು, ತಂಗಿ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಳು, ಕೆನ್ನೆ ಉಬ್ಬಿತ್ತು, ಒಂದು ಕೈ ಬೆನ್ನ ಹಿಂದೆ, ಏನಿಲ್ಲಕ್ಕಾ, ಅಂದಳು ಬಾಯಿ ತುಂಬಿಕೊಂಡು, ಮೂವತ್ತೆರಡು ವರ್ಷದ ಹೆಂಗಸು, ಕದ್ದು ಸಿಕ್ಕಿಬಿದ್ದವಳ ಹಾಗೆ, ಹಿಂದಿನ ಕಿಟಕಿಯ ಗಾಜಿನಲ್ಲಿ ಆ ಕೈ ಕಾಣುತ್ತಿತ್ತು, ಕೈಯಲ್ಲಿ ಸೇಬು, ಕೆಂಪು ಸಿಪ್ಪೆಯಲ್ಲಿ ಬಿಳಿಯ ಗುರುತು. ಇವಳು ಕಂಡೇ ಇಲ್ಲದವಳ ಹಾಗೆ, ಬಾ, ಹಣ್ಣು ಬೆಂದಿದೆ, ಅಂದಳು, ತಂಗಿ ಬಂದು ಕೂತಳು, ಬಟ್ಟಲಲ್ಲಿದ್ದ ಹಿಟ್ಟಿನಂಥದನ್ನು ಒಂದು ಚಮಚವೂ ಬಿಡದೆ ತಿಂದಳು, ಚೆನ್ನಾಗಿದೆ ಅಕ್ಕಾ, ಅಂದಳು. ಎಷ್ಟು ದಿನದಿಂದ, ಎಷ್ಟು ತಿಂಗಳಿಂದ ಅಕ್ಕನಿಗಾಗಿ ಹೀಗೆ ತಿನ್ನುತ್ತಿದ್ದಾಳೆ.

ಪೆನ್ನಿನ ಮುಚ್ಚಳ ತೆಗೆದಳು, ಮೂರರ ಮೇಲೆ ಒಂದು ಗೆರೆ, ಒಂದೇ ಗೆರೆ, ಅಡಿಯಲ್ಲಿರುವುದು ಕಾಣಬೇಕು, ಅದೂ ಇವಳದೇ ನಿಯಮ, ಪಕ್ಕದಲ್ಲಿ ಸೊನ್ನೆ, ಸೊನ್ನೆಯ ಪಕ್ಕ ಸಹಿ, ಸಹಿಯ ಪಕ್ಕ ಕಾರಣ ಬರೆಯುವ ಜಾಗ, ಖಾಲಿ. ಅಯ್ಯೋ ಮೇಡಂ, ನೀವೂ ತಪ್ಪು ಬರೀತೀರಾ, ಎಂದು ಗುಬ್ಬಿ ನಕ್ಕಳು, ಕಾರಣ ಬರೀಬೇಕಲ್ಲ ಮತ್ತೆ, ನಿಮ್ಮದೇ ರೂಲ್ಸು. ಹೌದು, ಕಾರಣ, ಗುರುತು ಸಿಕ್ಕಿತು ಅಂತ ಬರೆದಳು, ಇದು ನನ್ನ ತಂಗಿಯದು ಅಂತ ಬರೆದಳು, ಗುಬ್ಬಿಯ ನಗು ನಿಂತಿತು, ಅಷ್ಟು ಸಾಕು ಗಾಜು ಬದಿಗೆ ಹೋಗಲು, ಅಜ್ಜನ ಸೊನ್ನೆ ನಿಲ್ಲುತ್ತದೆ, ಔಷಧ ಮುಂದುವರಿಯುತ್ತದೆ, ಆದರೆ ಅದು ಗಾಜಿನ ಕಾರಣ, ಮೂರರ ಕಾರಣವಲ್ಲ, ಮೂರು ಯಾಕೆ ಬರೆದೆ, ಅದನ್ನೂ ಬರೆಯಬೇಕು, ಜಾಗ ಇನ್ನೂ ಇದೆ, ಅರ್ಧ ಸಾಲು, ಮೂರು ಬರೆದದ್ದು ಏಕೆಂದರೆ — ಪೆನ್ನು ನಿಂತಲ್ಲಿ ಶಾಯಿ ಚುಕ್ಕೆಯಾಗುತ್ತಿದೆ, ಏಕೆಂದರೆ — ಮೇಡಂ, ಅನ್ನುತ್ತಿದ್ದಾಳೆ ಯಾರೋ, ಮೆಲ್ಲಗೆ — ಏಕೆಂದರೆ ಒಂದು ಕೈ, ಬೆನ್ನ ಹಿಂದೆ, ಕಿಟಕಿಯ ಗಾಜಿನಲ್ಲಿ, ಕೆಂಪು ಸಿಪ್ಪೆ, ಬಿಳಿ ತಿರುಳು, ಅದರಲ್ಲಿ ನಾಲ್ಕು ಹಲ್ಲಿನ ಗುರುತು, ಒಂದು ಸ್ವಲ್ಪ ಓರೆ.