ಅಂಬಟೆ ಗಿಡದ ಹೇನು

ಸ್ಪ್ರೇ ಬಾಟಲಿಯ ಸೋಪಿನ ನೀರು ಮುಗಿದರೂ ಧೃತಿ ಒತ್ತುತ್ತಲೇ ಇದ್ದಳು. ಅದು ಬರೀ ಗಾಳಿ ಉಗುಳಿತು. ಅಂಬಟೆ ಗಿಡದ ಎಳೆ ಚಿಗುರುಗಳ ಅಡಿಯಲ್ಲಿ ಹೇನುಗಳು ಎಳ್ಳು ಮೆತ್ತಿದ ಹಾಗೆ ಕೂತಿದ್ದವು. ನಿನ್ನೆ ತೊಳೆದ ಗೆಲ್ಲಿನಲ್ಲೇ ಇವತ್ತು ಮತ್ತೆ ಅಷ್ಟು.

"ಸ್ನಾನ ಮಾಡಿಸಿ ಆಗಲಿಲ್ವಾ ಇನ್ನೂ?" ಗಂಡ ರೂಪೇಶ್ ಗಿಡದಡಿ ನಿಲ್ಲಿಸಿದ್ದ ಬೈಕಿನ ಸೀಟು ಒರೆಸುತ್ತಾ ಕೇಳಿದ. ಹೇನುಗಳು ಉದುರಿಸಿದ ಅಂಟು ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. "ಮಲ್ಪೆಯಲ್ಲಿ ಕೆಲಸದ ಕಡೆ ಎಲ್ಲರೂ ನನ್ನ ಪ್ಯಾಂಟು ನೋಡಿ ನಗುವುದು ಮಾರಾಯ್ತಿ. ಆದಿತ್ಯವಾರ ತೋಟದ ಕೆಲಸದ ಶೀನ ಕತ್ತಿ ಹಿಡ್ಕೊಂಡು ಬರ್ತಾನೆ. ಕಡಿದುಬಿಡುವ."

"ಬೈಕ್ ಆಚೆ ನಿಲ್ಲಿಸಿ."

"ಆಚೆ ಎಲ್ಲಿ? ಬಾವಿಯೊಳಗಾ?"

"ಆದಿತ್ಯವಾರಕ್ಕೆ ಇನ್ನೂ ಮೂರು ದಿನ ಉಂಟು," ಎಂದು ಧೃತಿ ಬಾಟಲಿ ತುಂಬಿಸಲು ಹೋದಳು.

ಮದುವೆಯಾಗಿ ಕಾಪುವಿಗೆ ಬರುವಾಗ ಕಾರ್ಕಳದ ತವರಿನಿಂದ ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಗಿಡ ಅದು. ಮೂರು ವರ್ಷಕ್ಕೆ ಈಗ ಮೊದಲ ಸಲ ಹೂ ಬಿಟ್ಟಿತ್ತು. ಕಡಿಯುವುದಂತೆ.

ನಿನ್ನೆ ಅವಳು ಪರ್ಕಳದ ನರ್ಸರಿಯ ಬೆನೆಡಿಕ್ಟಾ ಬಾಯಿಯವರಿಗೆ ಫೋನ್ ಮಾಡಿದ್ದಳು.

"ಬುಡಕ್ಕೆ ಎಂತ ಹಾಕ್ತೀರಿ?"

"ಮೀನು ತೊಳೆದ ನೀರು. ಅತ್ತೆ ದಿನಾ ಹಾಕ್ತಾರೆ."

"ದಿನಾ? ಹಾಗಾದ್ರೆ ಹೇನು ಸಾಕುವುದು ನೀವೇ ಅಲ್ವಾ. ಆ ನೀರಿಗೆ ಗಿಡ ಬರೀ ಎಳೆ ಚಿಗುರು ಬಿಡ್ತದೆ, ಹೇನಿಗೆ ಅದೇ ಊಟ. ಮೊದಲು ಅದು ನಿಲ್ಲಿಸಿ."

ಫೋನ್ ಇಟ್ಟ ಹೊತ್ತಿಗೇ ಅತ್ತೆ ಸರಸ ಮೀನಿನ ನೀರು ತಂದು ಗಿಡದ ಬುಡಕ್ಕೆ ಸುರಿದಿದ್ದರು. ಇವತ್ತೂ ಸುಮ್ಮನಿದ್ದರೆ ಆಗುವುದಿಲ್ಲ.

ರೂಪೇಶ್ ಹೋದ ಮೇಲೆ ಅತ್ತೆ ಬಂಗುಡೆ ತೊಳೆದ ಬೇಸಿನ್ ಎತ್ತಿಕೊಂಡು ಬಂದರು. ಧೃತಿ ಗಿಡಕ್ಕೆ ಅಡ್ಡ ನಿಂತಳು.

"ಅತ್ತೆ, ಒಂದು ಹೇಳಲಾ? ಬೇಸರ ಮಾಡಬಾರದು."

"ಹಾಗೆ ಶುರು ಮಾಡಿದರೆ ಬೇಸರದ್ದೇ ಇರ್ತದೆ. ಹೇಳು."

ಧೃತಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅತ್ತೆ ಬೇಸಿನ್ ಇಳಿಸಲಿಲ್ಲ. ಅಂಚಿನಿಂದ ನೀರು ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ತೆಂಗಿಗೂ ಕೊಡದೆ ಇದಕ್ಕೆ ಹಾಕಿದ್ದು ನಾನು," ಎಂದರು. "ನಿನ್ನ ಅಮ್ಮನ ಮನೆಯ ಗಿಡ ಅಂತ."

"ಗೊತ್ತುಂಟು ಅತ್ತೆ. ಅದಕ್ಕೇ ನಿನ್ನೆ ಹೇಳಲಿಕ್ಕೆ ಆಗಲಿಲ್ಲ. ಆದರೆ ಇನ್ನು ಹಾಕಬಾರದು."

ಅತ್ತೆ ತಿರುಗಿ ನಡೆದರು. ಹಿತ್ತಿಲ ಮೂಲೆಯ ತೆಂಗಿನ ಬುಡದಲ್ಲಿ ನೀರು ಬಿದ್ದ ಸದ್ದು ಕೇಳಿತು, ಬೇಸಿನ್ ಕವುಚಿದ ಸದ್ದೂ. ಧೃತಿ ಅಲ್ಲೇ ನಿಂತು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಇದ್ದಳು.

ವಾಪಸು ಬಂದ ಅತ್ತೆ ಸೆರಗಿಗೆ ಕೈ ಒರೆಸಿ ಗಿಡದಡಿ ಕಾಲು ಚಾಚಿ ಕೂತರು. ಕೆಳಗಿನ ಗೆಲ್ಲೊಂದನ್ನು ಮೆಲ್ಲ ಬಗ್ಗಿಸಿ ಮಡಿಲಿಗೆ ತಂದುಕೊಂಡರು.

"ದೂರದಿಂದ ನೀರು ಹಾರಿಸಿದರೆ ಹೇನು ಹೋಗ್ತದಾ? ನಾಲ್ಕು ನಾದಿನಿಯರ ತಲೆ ನೋಡಿದವಳು ನಾನು. ಕೂತುಕೋ. ಶೀನ ಬಂದರೆ ನಾನು ಮಾತಾಡ್ತೇನೆ."

ಧೃತಿ ಪಕ್ಕದಲ್ಲಿ ಕೂತಳು. ಅತ್ತೆ ಚಿಗುರು ಮಗುಚಿ, ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿದರು. ಬೆರಳು ಹಸಿರಾಯಿತು. ಮುಂದಿನ ಚಿಗುರು, ಅದರ ಮುಂದಿನದ್ದು. ಗೆಲ್ಲು ಅಲುಗಿ ಸಣ್ಣ ಬಿಳಿ ಹೂವೆರಡು ಸೀರೆಯ ಮೇಲೆ ಬಿದ್ದವು. ಅತ್ತೆ ಕೈಯನ್ನು ಇನ್ನಷ್ಟು ಹಗುರ ಮಾಡಿದರು.