ಲೇಡೀಸ್ ಸೈಕಲ್

ವೀಟ್ಸ್ಕೆಯ ಸೈಕಲ್ ಅಂಗಡಿಗೆ ಫೊಪ್ಪೆ ಆ ವಾರ ಬಂದದ್ದು ಮೂರನೆಯ ಸಲ. ಮೊದಲ ಸಲ “ಸುಮ್ನೆ ನೋಡ್ಕೊಂಡು ಹೋಗೋಣ ಅಂತ” ಎಂದಿದ್ದ. ಎರಡನೆಯ ಸಲ ಟೈರಿಗೆ ಗಾಳಿ ಹೊಡೆಸುವ ನೆಪ ಹೇಳಿದ್ದ. ಈ ಸಲ ಯಾವ ನೆಪವೂ ಹೊಳೆಯದೆ ಬಾಗಿಲಲ್ಲೇ ನಿಂತು ಬೂಟು ಒರೆಸಿದ್ದೇ ಒರೆಸಿದ್ದು.

“ಚಾಪೆ ಹರಿದು ಹೋಗುತ್ತೆ, ಒಳಗೆ ಬನ್ನಿ,” ಎಂದಳು ವೀಟ್ಸ್ಕೆ. ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಗೆ ಉಜ್ಜಿಕೊಂಡು ಎದ್ದು ಬಂದಳು.

ಫೊಪ್ಪೆಗೆ ಎಪ್ಪತ್ನಾಲ್ಕು. ನಮ್ಮೂರು ವೆಸ್ಟರ್‌ಸೈಲಿನ ಕಾಲುವೆಯ ಮೇಲಿನ ಸೇತುವೆಯನ್ನು ದೋಣಿ ಬಂದಾಗ ಎತ್ತಿ, ಹೋದಮೇಲೆ ಇಳಿಸಿ ನಲವತ್ತು ವರ್ಷ ಕಳೆದವನು. ಹಾಲೆಂಡಿನ ಈ ಉತ್ತರದ ಮೂಲೆಯಲ್ಲಿ ಗಾಳಿ ಸುಮ್ಮನಿರುವ ದಿನವೇ ಅಪರೂಪ. ಹೋಗುವಾಗಲೂ ಎದುರು ಗಾಳಿ, ಬರುವಾಗಲೂ ಎದುರು ಗಾಳಿ ಎಂದು ನಮ್ಮವರು ಗೊಣಗುತ್ತಲೇ ಸೈಕಲ್ ತುಳಿಯುತ್ತಾರೆ. ಫೊಪ್ಪೆಯ ಬಲ ಮಂಡಿ ಮಾತ್ರ ಇನ್ನು ತನ್ನಿಂದಾಗದು ಎಂದುಬಿಟ್ಟಿತ್ತು. “ಸೈಕಲ್ ಬಿಡಬೇಡಿ, ಗಾಳಿ ಜೊತೆ ಕುಸ್ತಿ ಬಿಡಿ. ಮೋಟಾರಿಂದು ತಗೊಳ್ಳಿ,” ಎಂದಿದ್ದರು ಡಾಕ್ಟರು.

ಮೋಟಾರಿನ ಬಗ್ಗೆ ಅವನ ತಕರಾರು ಮುಗಿದಿತ್ತು. ಅವನು ಒದ್ದಾಡುತ್ತಿದ್ದದ್ದು ಬೇರೆ ವಿಷಯಕ್ಕೆ. ಸೀಟಿನಿಂದ ಹ್ಯಾಂಡಲಿನವರೆಗೆ ಅಡ್ಡ ಬಾರ್ ಇರುವುದು ಗಂಡಸಿನ ಸೈಕಲ್. ಬಾರ್ ಇಲ್ಲದೆ, ನಡುವೆ ತಗ್ಗಾಗಿ, ಕಾಲು ತೂರಿಸಿ ಹತ್ತುವುದು ಹೆಂಗಸಿನ ಸೈಕಲ್. ನಮ್ಮೂರಿನ ಗಂಡು ಹುಡುಗರು ಹತ್ತು ವರ್ಷಕ್ಕೆ ಬಾರ್ ದಾಟಿದರೆ ಸಾಯುವ ತನಕ ದಾಟುತ್ತಲೇ ಇರಬೇಕು. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಫೊಪ್ಪೆ ಸೀದಾ ಹೋಗಿ ಕಪ್ಪು ಬಣ್ಣದ, ಬಾರ್ ಇರುವ ಸೈಕಲ್ಲಿನ ಹ್ಯಾಂಡಲ್ ಹಿಡಿದ.

“ಮೊದಲು ಕೂತು ನೋಡಿ,” ಎಂದಳು ವೀಟ್ಸ್ಕೆ. “ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಬ್ಯಾಟರಿ ಸೇರಿ ಇಪ್ಪತ್ತೈದು ಕೆಜಿ ಇದೆ. ಒಂದು ಸಲ ವಾಲಿತು ಅಂದ್ರೆ ನಿಮ್ಮ ಹಳೇದರ ತರ ಒಂದು ಕೈಯಲ್ಲಿ ಹಿಡಿದು ನಿಲ್ಸೋಕಾಗಲ್ಲ.”

“ಸೇತುವೆ ಎತ್ತಿದವನಿಗೆ ಸೈಕಲ್ ತೂಕ ಹೇಳ್ತೀಯಾ?”

“ಸೇತುವೆ ಎತ್ತಿದ್ದು ಯಂತ್ರ. ನೀವು ಗುಂಡಿ ಒತ್ತಿದ್ರಿ.”

ಫೊಪ್ಪೆ ಬಲಗಾಲನ್ನು ಹಿಂದಿನಿಂದ ಬೀಸಿದ. ಬೂಟು ಕ್ಯಾರಿಯರಿಗೆ ಸಿಕ್ಕಿತು. ಒಂಟಿ ಕಾಲಿನಲ್ಲಿ ಎರಡು ಸಲ ಕುಪ್ಪಳಿಸಿದ. ಸೈಕಲ್ ವಾಲಿತು. ವೀಟ್ಸ್ಕೆ ಹಾರಿ ಬಂದು ಸೈಕಲ್ಲನ್ನೂ ಅವನನ್ನೂ ಒಟ್ಟಿಗೆ ತಬ್ಬಿ ಹಿಡಿಯದಿದ್ದರೆ ಇಡೀ ಸಾಲೇ ಮಗುಚಿಕೊಳ್ಳುತ್ತಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. “ಈ ಬೂಟು ಸ್ವಲ್ಪ ದಪ್ಪ,” ಎಂದ ಫೊಪ್ಪೆ.

ಅವಳು ಮೂಲೆಯಿಂದ ಗಾಢ ಕೆಂಪಿನ, ಬಾರ್ ಇಲ್ಲದ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದಳು. “ಇದನ್ನ ಒಂದು ಸುತ್ತು ಓಡಿಸಿ. ಮೋಟಾರು ನಡುವೆ ಇದೆ. ನೀವು ಎಷ್ಟು ಒತ್ತುತ್ತೀರೋ ಅಷ್ಟೇ ತಳ್ಳುತ್ತೆ, ಕುದುರೆ ತರ ಎಗರಲ್ಲ. ಆದ್ರೆ ನಿಂತಿರುವಾಗ ಪೆಡಲ್ ಮೇಲೆ ಕಾಲಿಟ್ಟು ಒತ್ತಬೇಡಿ, ಹೊರಟುಬಿಡುತ್ತೆ. ನಿಲ್ಲಿಸುವಾಗ ಮೊದಲು ಬ್ರೇಕು, ಆಮೇಲೆ ಕಾಲು.”

ಫೊಪ್ಪೆ ಕಿಟಕಿಯಾಚೆ ನೋಡಿದ. ಬೀದಿಯಲ್ಲಿ ಜನ ಇದ್ದರು. “ಹಿಂದಿನ ಓಣೀಲಿ ಓಡಿಸ್ತೀನಿ.”

“ಮುಂದಿನ ರಸ್ತೇನೇ ಚೆನ್ನಾಗಿದೆಯಲ್ಲ?”

“ಹಿಂದಿನ ಓಣಿ ಅಂದೆ.”

ಓಣಿಯ ತುದಿಯಲ್ಲಿ ಗಾಳಿ ಎದೆಗೆ ಬಡಿಯಿತು. ಐದು ವರ್ಷದಿಂದ ಅವನನ್ನು ಹೆದರಿಸುತ್ತಿದ್ದ ಅದೇ ಗಾಳಿ. ಫೊಪ್ಪೆ ಪೆಡಲ್ ಒತ್ತಿದ. ಬೆನ್ನಿಗೆ ಯಾರೋ ಅಂಗೈ ಇಟ್ಟು ತಳ್ಳಿದಂತೆ ಸೈಕಲ್ ಮುಂದೆ ಸಾಗಿತು. ಮಂಡಿ ತುಟಿಪಿಟಕ್ಕೆನ್ನಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನು ಗಟ್ಟಿಯಾಗಿ ನಕ್ಕ. ಅಂಗಡಿ ಹತ್ತಿರವಾದಾಗ ಮುಖ ಬಿಗಿದುಕೊಂಡ.

“ಪರವಾಗಿಲ್ಲ,” ಎಂದ ಇಳಿಯುತ್ತಾ. ಹ್ಯಾಂಡಲಿನ ಪಕ್ಕದ ಸಣ್ಣ ಗೀರು ಆಗ ಕಣ್ಣಿಗೆ ಬಿತ್ತು. “ಇದು ಹೊಸದಲ್ವಾ?”

“ಒಂಬತ್ತು ದಿನ ಓಡಿದೆ. ನಿಮ್ಮ ಗೆಳೆಯ ಲೋಲ್ಕೆ ತಗೊಂಡಿದ್ದು. ವಾಪಸ್ ತಂದು ಬಾರ್ ಇರೋದನ್ನ ಒಯ್ದ. ಬೇಡ ಅಂತ ನಾನು ಅರ್ಧ ಗಂಟೆ ಜಗಳ ಆಡಿದೆ.” ವೀಟ್ಸ್ಕೆ ಗೀರನ್ನು ಬಟ್ಟೆಯಿಂದ ಒರೆಸಿದಳು. “ಯಾಕೆ ಅಂತ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ. ಫೊಪ್ಪೆ ನಕ್ಕ ಅಂದ.”

ಫೊಪ್ಪೆ ಸೈಕಲ್ಲನ್ನು ಅವಳ ಕೈಗೆ ಕೊಟ್ಟು, ಟೋಪಿಯನ್ನು ಅಲ್ಲೇ ಮರೆತು ಹೊರಟುಹೋದ.

ಅವನಿಗೆ ಎಲ್ಲ ನೆನಪಿತ್ತು. ಮಾರ್ಚ್ ತಿಂಗಳ ಒಂದು ಗುರುವಾರ. ಪ್ರತಿ ಗುರುವಾರ ನಾಲ್ಕೈದು ಜನ ಮುದುಕರು ಕಾಲುವೆಯ ಕಟ್ಟೆಯುದ್ದಕ್ಕೂ ಸೈಕಲ್ ಹೊಡೆದು, ಸೇತುವೆ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುವುದು ವಾಡಿಕೆ. ಅವತ್ತು ಲೋಲ್ಕೆ ಈ ಕೆಂಪು ಸೈಕಲ್ಲಿನಲ್ಲಿ ಬಂದ, ಹೊಸ ಅಂಗಿ ತೊಟ್ಟ ಮಗುವಿನ ಹಾಗೆ ಬೀಗುತ್ತಾ. ಫೊಪ್ಪೆ ಕುರ್ಚಿಯಿಂದಲೇ ಕೂಗಿದ್ದ: “ಏನೋ ಲೋಲ್ಕೆ, ಲೇಡೀಸ್ ಸೈಕಲ್! ಲಂಗ ಮನೇಲಿ ಮರೆತು ಬಂದ್ಯಾ?” ಎಲ್ಲರೂ ಬಿದ್ದು ಬಿದ್ದು ನಕ್ಕರು. ಲೋಲ್ಕೆಯೂ ನಕ್ಕ. ಅವನು ನಕ್ಕನಲ್ಲ, ಮತ್ತೇನು ಎಂದು ಫೊಪ್ಪೆ ಅದನ್ನು ಮರೆತಿದ್ದ. ಎರಡು ವಾರ ಕಳೆದು ಲೋಲ್ಕೆ ಬಾರ್ ಇರುವ ಸೈಕಲ್ ತಂದಾಗ ಬೆನ್ನು ತಟ್ಟಿಯೂ ಇದ್ದ.

ಮೇ ತಿಂಗಳಲ್ಲಿ ಲೋಲ್ಕೆ ಸೇತುವೆಯ ಹತ್ತಿರ ಬಂದಾಗ, ಅದು ಮೇಲೇಳುವ ಮುನ್ನ ಬೆಳಗುವ ಕೆಂಪು ದೀಪ ಹತ್ತಿತು. ನಿಲ್ಲಿಸಿ ಇಳಿಯಲು ಕಾಲೆತ್ತಿದ. ಕಾಲು ಬಾರ್ ದಾಟಲಿಲ್ಲ. ಸೈಕಲ್ ಅವನ ಮೇಲೆಯೇ ಬಿತ್ತು, ಸೊಂಟದ ಮೂಳೆ ಮುರಿಯಿತು. ಈಗ ಸೆಪ್ಟೆಂಬರ್. ಲೋಲ್ಕೆ ಕೋಲು ಹಿಡಿದು ನಡೆಯುತ್ತಾನೆ. ಸೈಕಲ್ ತುಳಿಯಬಹುದು ಎಂದು ಆಸ್ಪತ್ರೆಯವರು ಹೇಳಿ ತಿಂಗಳಾಯಿತು. ಅವನು ಕಿಟಕಿ ಪಕ್ಕ ಬಿಟ್ಟು ಏಳುವುದಿಲ್ಲ.

ಮನೆಗೆ ಬಂದ ಫೊಪ್ಪೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡತೊಡಗಿದ. ಷೆಡ್ಡಿಗೆ ಹೋದ, ಬಂದ. ರೇಡಿಯೋ ಹಾಕಿದ, ಆರಿಸಿದ. ಅವನ ಹೆಂಡತಿ ಬೌಕ್ಯ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಎಷ್ಟೋ ಹೊತ್ತು ಸಹಿಸಿಕೊಂಡಳು.

“ಕೂತ್ಕೋ, ಇಲ್ಲಾ ಹೊರಗೆ ಹೋಗು. ಎರಡರಲ್ಲಿ ಒಂದು ಮಾಡು.”

ಅವನು ಕೂತು ಎಲ್ಲ ಹೇಳಿದ. “ಒಂದು ತಮಾಷೆ ಬೌಕ್ಯ. ಬರೀ ತಮಾಷೆ. ಅಷ್ಟಕ್ಕೇ ಯಾರಾದ್ರೂ ಸೈಕಲ್ ಬದಲಾಯಿಸ್ತಾರಾ?”

“ಏನು ಹೇಳಿದ್ದೆ ಅವನಿಗೆ? ಇನ್ನೊಂದು ಸಲ ಹೇಳು.”

ಹೇಳಿದ. ಬೌಕ್ಯ ನಗಲಿಲ್ಲ.

“ನಾನು ಐವತ್ತೆಂಟು ವರ್ಷದಿಂದ ಲೇಡೀಸ್ ಸೈಕಲ್ ತುಳೀತಿದ್ದೀನಿ. ಇದೇ ಗಾಳೀಲಿ. ಹೊಟ್ಟೇಲೊಂದು ಮಗು, ಹಿಂದೆ ಒಂದು ಮಗು, ಹ್ಯಾಂಡಲ್‌ಗೆ ಆಲೂಗಡ್ಡೆ ಚೀಲ. ಅದರಲ್ಲಿ ನಗೋಕೆ ಏನಿತ್ತು ಹೇಳು, ನಾನೂ ನಗ್ತೀನಿ.”

ಫೊಪ್ಪೆ ಮೇಜಿನ ಬಟ್ಟೆಯ ಅಂಚನ್ನು ಮಡಿಸಿದ, ಬಿಡಿಸಿದ. “ನಿನಗೆ ಅರ್ಥ ಆಗಲ್ಲ. ಇವತ್ತು ಬಾರ್ ಹೋಗುತ್ತೆ. ನಾಳೆ ಕೋಲು ಬರುತ್ತೆ. ನಾಡಿದ್ದು ಗಾಲಿಕುರ್ಚಿ. ಬಾರ್ ದಾಟೋ ತನಕ ಇನ್ನೂ ಗಟ್ಟಿಯಾಗಿದ್ದೀನಿ ಅನ್ನೋ ಧೈರ್ಯ. ನನಗೆ ಭಯ ಆಗುತ್ತೆ ಕಣೇ.”

ಅವನು ಭಯ ಎಂಬ ಮಾತನ್ನು ಬಾಯಿಬಿಟ್ಟು ಆಡಿದ್ದನ್ನು ಬೌಕ್ಯ ಕೇಳಿದ್ದು ಅಪರೂಪ. ಅವಳ ದನಿ ತಗ್ಗಿತು. “ಆಗಲಿ. ಭಯ ನನಗೂ ಆಗುತ್ತೆ. ಆದ್ರೆ ಲೋಲ್ಕೆಗೂ ಬಾರ್ ಇತ್ತು. ಅದು ಅವನ್ನ ಎಲ್ಲಿ ನಿಲ್ಲಿಸಿದೆ ನೋಡು.” ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. “ಭಾನುವಾರ ಯೆಲ್ಟ್ಯಳ ಹುಟ್ಟುಹಬ್ಬ. ಹೋಗ್ಲೇಬೇಕು. ಏನು ಮಾಡ್ತೀಯೋ ಯೋಚ್ನೆ ಮಾಡ್ಕೋ.”

ಯೆಲ್ಟ್ಯ ಎಂದರೆ ಲೋಲ್ಕೆಯ ಹೆಂಡತಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ದಿನ ಫೊಪ್ಪೆ ಊಟಕ್ಕೆ ಕೂತರೂ ಅದೇ, ಗಿಡಕ್ಕೆ ನೀರು ಹಾಕಿದರೂ ಅದೇ. ಕ್ಷಮೆ ಕೇಳುವುದು ಹೇಗೆ? ಬಾಯಿ ಬಿಟ್ಟರೆ ಲೋಲ್ಕೆಯ ಗುಟ್ಟನ್ನು ಊರ ಮುಂದೆ ಹರವಿದಂತಾಗುವುದಿಲ್ಲವೇ? ಬಾಯಿ ಬಿಡದಿದ್ದರೆ ಈ ಸಂಕಟ ಹೋಗುವುದುಂಟೇ? ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಕೆಂಪು ಸೈಕಲ್ ಕೊಂಡ. ಕೊಂಡದ್ದೇನೋ ಕೊಂಡ, ಮನೆಗೆ ತಂದದ್ದು ಹಿಂದಿನ ಓಣಿಯಿಂದಲೇ. ಧೈರ್ಯವೂ ಒಂದೇ ದಿನಕ್ಕೆ ಪೂರ್ತಿ ಬರುವುದಿಲ್ಲ.

ಭಾನುವಾರ ಮಾತ್ರ ಅವನು ಊರ ನಡುಬೀದಿಯಲ್ಲೇ ಹೊರಟ. ಬೌಕ್ಯ ತನ್ನ ಹಳೆಯ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದಳು. ನಮ್ಮ ಮನೆಗಳ ಮುಂದಿನ ಕಿಟಕಿಗೆ ಪರದೆ ಎಳೆಯುವ ಪದ್ಧತಿಯಿಲ್ಲ. ಒಳಗಿರುವವರಿಗೆ ಹೊರಗಿನದೆಲ್ಲ ಕಾಣುತ್ತದೆ. ಕಿವಿ ಬಿಸಿಯಾದರೂ ಫೊಪ್ಪೆ ಎರಡೂ ಕಡೆ ತಲೆಯಾಡಿಸಿ ನಮಸ್ಕಾರ ಹೇಳುತ್ತಾ ಹೋದ.

ಲೋಲ್ಕೆಯ ಮನೆಯಲ್ಲಿ ಗೋಡೆಗುಂಟ ಸುತ್ತಲೂ ಕುರ್ಚಿ ಹಾಕಿ ಹದಿನೈದು ಜನ ಕೂತಿದ್ದರು. ಮಂಡಿಯ ಮೇಲೆ ಕಾಫಿ, ಕಿತ್ತಳೆ ಕೇಕಿನ ತಟ್ಟೆ. ಹುಟ್ಟುಹಬ್ಬದ ಮನೆಗೆ ಹೋದವರು ಹುಟ್ಟಿದವರಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು. ಗಂಡನಿಗೆ “ಹೆಂಡತಿಯ ಹುಟ್ಟುಹಬ್ಬದ ಶುಭಾಶಯ”, ನೆರೆಯವಳಿಗೆ “ನೆರೆಯವಳ ಹುಟ್ಟುಹಬ್ಬದ ಶುಭಾಶಯ” ಎಂದು ಒಬ್ಬೊಬ್ಬರ ಕೈಯನ್ನೂ ಕುಲುಕುತ್ತಾ ವೃತ್ತ ಮುಗಿಸಬೇಕು. ಒಬ್ಬರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಬಾಗಿಲು ದಾಟುವ ಮೊದಲೇ ಗುರುವಾರದ ಗುಂಪಿನ ಗೆರ್ಬೆನ್ ಕಿಟಕಿಯಿಂದ ಕೂಗಿದ: “ಬೌಕ್ಯ, ಎರಡೆರಡು ಲೇಡೀಸ್ ಸೈಕಲ್ ನಿಂತಿದೆಯಲ್ಲ! ಒಂದನ್ನ ಹಗ್ಗ ಕಟ್ಟಿ ಎಳ್ಕೊಂಡು ಬಂದ್ಯಾ?”

ಎಲ್ಲರೂ ನಕ್ಕರು. ಲೋಲ್ಕೆ ಮಾತ್ರ ಕಿಟಕಿಯಾಚೆ ನೋಡಿದ. ಸೈಕಲ್ಲಿನ ಗುರುತು ಅವನಿಗೆ ಹತ್ತಿತು.

“ಕೆಂಪುದು ನಂದು,” ಎಂದ ಫೊಪ್ಪೆ.

ನಗು ಅರ್ಧಕ್ಕೇ ನಿಂತಿತು. ಯಾರದೋ ಚಮಚ ತಟ್ಟೆಗೆ ಬಡಿಯಿತು. ಫೊಪ್ಪೆ ಕೈ ಕುಲುಕುತ್ತಾ ಬಂದ. ಯೆಲ್ಟ್ಯ, ಅವಳ ತಂಗಿ, ನೆರೆಯವರು, ಗೆರ್ಬೆನ್. ಕೊನೆಗೆ ಲೋಲ್ಕೆಯ ಕೈ ಹಿಡಿದ. ಹೇಳಬೇಕಾದ ವಾಡಿಕೆಯ ಮಾತು ಬಾಯಿಗೆ ಬರಲಿಲ್ಲ.

“ನಾನು ಮಾರ್ಚಲ್ಲಿ ನಕ್ಕೆನಲ್ಲ ಲೋಲ್ಕೆ,” ಎಂದ, “ತಪ್ಪಾಯ್ತು.”

ಲೋಲ್ಕೆ ಕೈ ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ. “ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?”

“ನನ್ನಿಂದ ಅಂತ ಮೊನ್ನೆ ಗೊತ್ತಾಯ್ತು.”

“ನಿನ್ನಿಂದ ಏನೂ ಅಲ್ಲ. ನೀನು ನಕ್ಕೆ ಅಂತ ಒಳ್ಳೇ ಸೈಕಲ್ ವಾಪಸ್ ಕೊಟ್ಟ ಕತ್ತೆ ನಾನು.” ಲೋಲ್ಕೆ ಇನ್ನೊಂದು ಕೈಯಿಂದ ಕೋಲನ್ನು ನೆಲಕ್ಕೆ ಕುಟ್ಟಿದ. “ಆದ್ರೂ ಆಸ್ಪತ್ರೇಲಿ ಮಲಗಿದ್ದಾಗ ದಿನಾ ನಿನ್ನನ್ನ ಬೈದಿದ್ದೀನಿ. ಅದನ್ನ ಇಲ್ಲ ಅನ್ನಲ್ಲ.”

“ಬೈಬೇಕಾದ್ದೇ,” ಎಂದಳು ಯೆಲ್ಟ್ಯ ಕಾಫಿ ಬಗ್ಗಿಸುತ್ತಾ. “ನಾನು ಇನ್ನೂ ಬೈತಿದ್ದೀನಿ.”

ಗೆರ್ಬೆನ್ ಕೇಕಿನ ತುಂಡನ್ನು ಬಾಯಿಗೆ ತುರುಕಿಕೊಂಡು ತಲೆ ತಗ್ಗಿಸಿದ. ಲೋಲ್ಕೆ ಕಿಟಕಿಯಾಚೆ ನೋಡುತ್ತಾ ಕೇಳಿದ: “ಸೀಟು ಎಷ್ಟು ಎತ್ತರ ಇಟ್ಟಿದ್ದೀಯ?”

“ನನ್ನ ಅಳತೆಗೆ.”

“ನನ್ನ ಕಾಲು ನಿನಗಿಂತ ಗಿಡ್ಡ.” ಅವನು ಕೋಲು ಊರಿ ಎದ್ದ. “ಇಳಿಸಿ ಕೊಡು.”

ಯೆಲ್ಟ್ಯಳ ಕೈಯಲ್ಲಿದ್ದ ಕಾಫಿ ಪಾತ್ರೆ ಅಲ್ಲೇ ನಿಂತಿತು. ಅವಳು ಬಾಯಿ ತೆರೆದಳು, ಬೌಕ್ಯ ಅವಳ ತೋಳು ಹಿಡಿದಳು.

ಹೊರಗೆ ಫೊಪ್ಪೆ ಸೀಟನ್ನು ಎರಡು ಬೆರಳಷ್ಟು ಇಳಿಸಿದ. ಲೋಲ್ಕೆ ಕೋಲನ್ನು ಅವನ ಕೈಗಿತ್ತು, ಬಾರ್ ಇಲ್ಲದ ಆ ತಗ್ಗಿನಲ್ಲಿ ಕಾಲು ತೂರಿಸಿ ಕೂತ. ಎರಡೂ ಪಾದ ನೆಲಕ್ಕೆ ಊರಿದ್ದವು. ಬ್ರೇಕನ್ನು ಎರಡು ಸಲ ಹಿಡಿದು ಬಿಟ್ಟು ನೋಡಿದ. ಆಮೇಲೆ ಯಾರಿಗೂ ಹೇಳದೆ ಹೊರಟುಬಿಟ್ಟ, ಸೇತುವೆಯ ಕಡೆಗೆ.

ಫೊಪ್ಪೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಲು ಹಿಡಿದು ಕುಂಟುತ್ತಾ ಹಿಂದೆಯೇ ಓಡಿದ. ಒಂದು ದೋಣಿ ಬಂದಿತ್ತು, ಸೇತುವೆಗೆ ಕೆಂಪು ದೀಪ ಹತ್ತಿತ್ತು. ಲೋಲ್ಕೆ ಬ್ರೇಕ್ ಹಿಡಿದ. ಆಮೇಲೆ ಒಂದು ಕಾಲು ಊರಿದ, ಇನ್ನೊಂದು ಊರಿದ. ತಾನು ಬಿದ್ದಿದ್ದ ಜಾಗದಲ್ಲಿ ನಿಂತುಕೊಂಡು ದೋಣಿ ಹಾದುಹೋಗುವುದನ್ನು ನೋಡಿದ. ಫೊಪ್ಪೆ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ನಿಂತ.

“ಯಾಕೋ ಓಡಿ ಬಂದೆ?”

“ಬೀಳ್ತೀಯೇನೋ ಅಂತ.”

“ಬಿದ್ರೆ ಹಿಡ್ಕೊಳ್ತಿದ್ಯಾ? ಈ ಮಂಡಿ ಇಟ್ಕೊಂಡು?”

ಫೊಪ್ಪೆ ಕೋಲಿನ ಮೇಲೆ ಭಾರ ಬಿಟ್ಟ. “ಇಲ್ಲ, ಆಗ್ತಿರಲಿಲ್ಲ,” ಎಂದ. “ಆದ್ರೆ ನಗ್ತಿರಲಿಲ್ಲ.”

ಲೋಲ್ಕೆ ಅವನನ್ನು ಒಮ್ಮೆ ನೋಡಿ, ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸಿದ. ಮೊದಲು ಫೊಪ್ಪೆಯ ನಡಿಗೆಗೆ ಸಮನಾಗಿ ಮೆಲ್ಲಗೆ ತುಳಿದ. ಗಾಳಿ ಎದುರಿಗಿತ್ತು. ಹತ್ತು ಮಾರು ಹೋದಮೇಲೆ ಮೋಟಾರಿನ ಬಲ ಹೆಚ್ಚಿಸುವ ಗುಂಡಿ ಒತ್ತಿದ.

“ನಡ್ಕೊಂಡು ಬಾ, ಗಂಡಸೇ!” ಎಂದು ಕೂಗಿ, ಕಾಯದೆ ಹೊರಟುಹೋದ.