ಕಿರೀಟ ತೆಗೆಯದೆ ಕರೆದದ್ದು

ಐವತ್ತೇಳನೆಯ ಇಸವಿ. ಮಾಗಿಯ ಚಳಿ ಇಳಿದು ಮುತ್ತುಗ ಹೂ ಬಿಟ್ಟಿತ್ತು. ದನಗಳು ಕೊಟ್ಟಿಗೆಗೆ ತಿರುಗುವ ಹೊತ್ತಿಗೆ ಕ್ಯಾಸನೂರಿನ ಪಕ್ಕದ ಹಳ್ಳಿಯಲ್ಲಿ ಬಯಲಾಟದ ತಾಲೀಮು ಶುರುವಾಯಿತು. ಕಲಿಸಲು ಶಿಕಾರಿಪುರದಿಂದ ಪರಮಶಿವಪ್ಪ ಮೇಷ್ಟ್ರು ಬಂದಿದ್ದರು. ಮೂವತ್ತು ವರ್ಷ ಊರೂರು ತಿರುಗಿ ಕಲಿಸಿದವರು. ರಂಗದ ಮೇಲೆ ಒಂದು ಸಾವನ್ನಾದರೂ ಜನ ನಂಬುವಂತೆ ಮಾಡಿಸಬೇಕೆಂಬ ಆಸೆ ಇನ್ನೂ ತೀರಿರಲಿಲ್ಲ.

ಬಾಣ ತಗುಲಿ ಸಾಯುವ ಕಪಿರಾಜನ ಪಾತ್ರ ಕುರಿ ಕಾಯುವ ಲೋಕಪ್ಪನದು. ದನಿ ಗಂಟೆಯಂತಿತ್ತು. ಸಾಯಲು ಮಾತ್ರ ಬರುತ್ತಿರಲಿಲ್ಲ.

"ಲೇ ಲೋಕಪ್ಪ, ಸಾಯಾಕತ್ತೀಯೋ, ಚಾಪಿ ಹುಡುಕಾಕತ್ತೀಯೋ?" ಎಂದು ಮೇಷ್ಟ್ರು ತಾಳ ಕೆಳಗಿಟ್ಟರು. "ಎಂಟು ದಿನ ಕೊಡ್ತೀನಿ. ಕಲೀಲಿಲ್ಲಂದ್ರ ಕಿರೀಟ ಕಪಿಸೇನ್ಯಾಗಿನ ಉಚ್ಚಂಗಪ್ಪಗ."

"ಸಾಯೋದು ಯಾರ ಹತ್ರ ಕಲೀಲಿ ಮೇಷ್ಟ್ರೇ? ಸತ್ತೋರು ಹೇಳ್ಕೊಡಾಕೆ ಬರ್ತಾರಾ?"

"ಕಾಡಿನಾಗ ಮಂಗ ಸಾಯಾಕತ್ತಾವಂತಲ್ಲ, ಹೋಗಿ ನೋಡು."

ತಮಾಷೆಗೆ ಆಡಿದ ಮಾತು. ಆ ವರ್ಷ ಮಂಗಗಳು ಕೊಂಬೆಯಿಂದ ಉದುರುತ್ತಿದ್ದವು. ಯಾಕೆಂದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಲೋಕಪ್ಪ ದಿನವೂ ಹೋಗಿ, ಬಿದ್ದ ಮಂಗದ ಪಕ್ಕ ತರಗೆಲೆಯ ಮೇಲೆ ಕೂತು ನೋಡಿದ. ಸಂಜೆ ಅವನ ಹೆಂಡತಿ ಗುತ್ಯಮ್ಮ ಅವನ ಕಾಲಿನಿಂದ ಉಣ್ಣಿ ಕಿತ್ತು ಕೆಂಡಕ್ಕೆ ಹಾಕುವಳು.

ಎಂಟನೆಯ ಸಂಜೆ ಅವನು ಬಿದ್ದಾಗ ಯಾರೂ ನಗಲಿಲ್ಲ. ಬೆರಳು ಒಂದೊಂದಾಗಿ ಮಡಚಿಕೊಂಡವು. ಕಣ್ಣು ತೆರೆದೇ ಇತ್ತು, ಒಳಗಿನ ಬೆಳಕು ಮಾತ್ರ ಹಿಂದಕ್ಕೆ ಸರಿಯಿತು. ಎದ್ದವನು, "ತಲೆ ಬಾಳ ನೋಯ್ತೈತೆ" ಎಂದ.

"ಪಾತ್ರ ಮೈಗೆ ಹತ್ತೈತಿ, ಬಿಡು" ಎಂದು ಮೇಷ್ಟ್ರು ಹಿಗ್ಗಿದರು.

ಮೇಷ್ಟ್ರಿಗೆ ಗುರುಗಳಿಂದ ಬಂದ ಕಟ್ಟಳೆಯೊಂದಿತ್ತು. ತಾಲೀಮಿನಲ್ಲಿ ಹೇಗೋ, ಆಟದ ರಾತ್ರಿ ರಂಗದಲ್ಲಿ ಸತ್ತವನು ತಾನಾಗಿ ಏಳಬಾರದು. ಕಲಿಸಿದವನು ಬಂದು ಕಿರೀಟ ತೆಗೆದು, ಮನೆಯಲ್ಲಿಟ್ಟ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಕಿರೀಟ ತಲೆಯ ಮೇಲಿರುವಾಗಲೇ ಕರೆದರೆ ಏಳುವವನು ಬೇರೆ ಯಾರೋ.

ಶನಿವಾರದ ಆಟದಲ್ಲಿ ಕಪಿರಾಜನ ಸಾವು ಬಂದದ್ದು ಮೂಡಣ ಬೆಳ್ಳಗಾಗುವಾಗ. ಹೆಂಗಸರು ಬಾಯಿ ಬಿಟ್ಟು ಅತ್ತರು. ಮೂವತ್ತು ವರ್ಷದ ಆಸೆ ಕಣ್ಣೆದುರು ಬಿದ್ದಿತ್ತು. ಮೇಷ್ಟ್ರು ಮೈಮರೆತು ಓಡಿ ಬಂದು ಅಪ್ಪಿಕೊಂಡರು. "ಭೇಷ್, ಕಪಿರಾಜಾ! ಏಳಪ್ಪಾ ಕಪಿರಾಜಾ! ಕಪಿರಾಜಾ!"

ಅವನು ಎದ್ದ. ಕಿರೀಟ ತಲೆಯ ಮೇಲೇ ಇತ್ತು.

ಮೇಷ್ಟ್ರಿಗೆ ಕಟ್ಟಳೆ ನೆನಪಾಯಿತು. ಕಿರೀಟ ಕಿತ್ತು, "ಲೋಕಪ್ಪಾ" ಎಂದರು. ಅವನು ತಿರುಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಪರೀಕ್ಷೆಗೆಂದು ಮೇಷ್ಟ್ರು ಮೆಲ್ಲಗೆ, "ಕಪಿರಾಜಾ" ಎಂದರು. ತಟ್ಟನೆ ತಿರುಗಿ ನೋಡಿದ, ಬೆಳಕಿಲ್ಲದ ಆ ಕಣ್ಣಿನಿಂದ.

ನಾಲ್ಕು ದಿನ ಮೇಷ್ಟ್ರು ಅವನ ಚಾಪೆ ಬಿಟ್ಟು ಏಳಲಿಲ್ಲ. ಹೆಸರು ಕರೆದು ಕರೆದು ಗಂಟಲು ಕಟ್ಟಿತು. ಗುತ್ಯಮ್ಮ ಅಂಗಲಾಚಿದಳು: "ನಾನು ಅವರ ಹೆಸರು ಹೇಳಂಗಿಲ್ಲ ಮೇಷ್ಟ್ರೇ. ನೀವೇ ಎಬ್ಸಿದ್ರಿ, ನೀವೇ ಕರ್ಕೊಂಬರ್ರಿ."

ಐದನೆಯ ದಿನ ಅವನ ಬೆರಳು ಮಡಚಿಕೊಳ್ಳತೊಡಗಿದವು, ಕಿರುಬೆರಳಿನಿಂದ ಒಂದೊಂದಾಗಿ, ತಾಲೀಮಿನಲ್ಲಿ ಮಡಚಿದ ಹಾಗೆಯೇ. ಮೇಷ್ಟ್ರಿಗೆ ಮುಂದಿನದೆಲ್ಲ ಗೊತ್ತಿತ್ತು. ದನಿ ಹೊರಡಲಿಲ್ಲ.

ಗುತ್ಯಮ್ಮ ಅವರನ್ನು ಪಕ್ಕಕ್ಕೆ ಸರಿಸಿ, ಗಂಡನ ಕಿವಿಗೆ ಬಾಗಿದಳು.

"ಲೋಕಪ್ಪಾ."

ಮದುವೆಯಾದಂದಿನಿಂದ ಅವಳ ಬಾಯಲ್ಲಿ ಬಾರದ ಹೆಸರು. ಮೂರನೆಯ ಸಲಕ್ಕೆ ಅವನ ಕಣ್ಣಿಗೆ ಬೆಳಕು ಬಂತು. ಅವಳನ್ನು ನೋಡಿ, "ಹೂಂ" ಎಂದ. ಕೊನೆಯ ಬೆರಳು ಮಡಚಿಕೊಂಡಿತು.

ಲೋಕಪ್ಪ ಹೋದದ್ದು ಗುರುವಾರ. ಮೇಷ್ಟ್ರು ತಾಳವನ್ನು ಅವನ ಜಗಲಿಯಲ್ಲೇ ಬಿಟ್ಟು ಶುಕ್ರವಾರದ ಬಸ್ಸಿಗೆ ಹೊರಟುಹೋದರು.